ಕಡತದಲ್ಲಿ ಇರಿಸಿಕೊಂಡಿದ್ದೇವೆ

ಜೂನ್ 4

ಪುಟ್ಟ,

ನಿನ್ನ ಹೊಸ ಹುದ್ದೆಯ ಹೆಸರನ್ನು ಚಿಕ್ಕಮ್ಮನಿಗೆ ಓದಿ ಹೇಳಿದೆ. ಅಭ್ಯರ್ಥಿ ಅನುಭವ ಅಧಿಕಾರಿ. ಅವಳು ಹೊಲಿಗೆ ಯಂತ್ರ ನಿಲ್ಲಿಸಿ, "ಅಂದ್ರೆ ಏನ್ ಮಾಡ್ತಾನೆ?" ಅಂದಳು. ನನಗೆ ಗೊತ್ತಿದ್ದರೆ ತಾನೇ ಹೇಳುವುದು. "ದೊಡ್ಡ ಆಫೀಸಲ್ಲಿ ಕೂತು ಜನರಿಗೆ ಕೆಲಸ ಕೊಡಿಸ್ತಾನೆ" ಅಂದುಬಿಟ್ಟೆ. ಅವಳು ಮತ್ತೆ ಯಂತ್ರ ತುಳಿಯತೊಡಗಿದಳು. ನಂಬಿದ ಹಾಗೆ ಕಾಣಲಿಲ್ಲ. ನೀನೇ ಒಮ್ಮೆ ಬಿಡಿಸಿ ಬರೆ. ಫೋನಿನಲ್ಲಿ ಹೇಳಬೇಡ. ಇಪ್ಪತ್ತೇಳು ವರ್ಷ ಪಕ್ಕದ ಶೆಡ್ಡಿನ ತಗಡು ಒತ್ತುವ ಯಂತ್ರದ ಸದ್ದು ಕೇಳಿದ ಕಿವಿ ನನ್ನದು. ನೀನು ಹತ್ತು ಮಾತಾಡಿದರೆ ಆರು ನನ್ನ ತನಕ ಬರುವುದೇ ಇಲ್ಲ.

ತಕ್ಕಡಿ ಕಾರ್ಖಾನೆ ಬಾಗಿಲು ಹಾಕಿ ನಾಲ್ಕು ತಿಂಗಳಾಯಿತು. ಈಗಲೂ ಆರಕ್ಕೆ ಎಚ್ಚರವಾಗುತ್ತದೆ. ಎದ್ದು ಮುಖ ತೊಳೆದು ತಲೆ ಬಾಚಿಕೊಂಡ ಮೇಲೆ ಹೋಗುವುದಕ್ಕೆ ಜಾಗವಿಲ್ಲ ಎಂಬುದು ನೆನಪಾಗುತ್ತದೆ. ಈ ಮನೆ ಎರಡೇ ಕೋಣೆ, ಒಂದರಲ್ಲಿ ಚಿಕ್ಕಮ್ಮನ ಬಟ್ಟೆಯ ರಾಶಿ. ಇನ್ನೊಂದರಲ್ಲಿ ಕೂತು ನಾನು ಸಕ್ಕರೆ ಡಬ್ಬಿ ಎತ್ತಿ ಎತ್ತಿ ಅದರ ತೂಕ ಹೇಳುತ್ತೇನೆ. "ಅಂಗಡಿಯವನಿಗೆ ಹೋಗಿ ಹೇಳು, ನಾನಂತೂ ಒಪ್ಪಿಯಾಯ್ತು" ಅನ್ನುತ್ತಾಳೆ ಅವಳು.

ಅರ್ಜಿ ಹಾಕುತ್ತಿದ್ದೇನೆ. ಎಲ್ಲಿಗೆಂದು ನಿನಗೆ ಹೇಳುವುದಿಲ್ಲ. ನೀನು ಯಾರ ಕಿವಿಗೋ ಹಾಕಿ, ಅವರು ಅಯ್ಯೋ ಪಾಪ ಅಂದು ಕೊಡುವ ಕೆಲಸ ನನಗೆ ಬೇಡ. ತಕ್ಕಡಿಯ ಮುಳ್ಳನ್ನು ಸೊನ್ನೆಗೆ ತಂದು ನಿಲ್ಲಿಸುವುದು ನನಗೆ ಗೊತ್ತು. ಅದು ಯಾರಿಗೆ ಬೇಕೋ ಅವರು ಕರೆಯಲಿ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಮ್ಮ

ಜೂನ್ 23

ಅಮ್ಮ,

ಚಿಕ್ಕಮ್ಮ ನಂಬದೇ ಇದ್ದದ್ದು ಒಳ್ಳೆಯದೇ ಆಯಿತು. ನನ್ನ ಹುದ್ದೆಯ ಹೆಸರು ನನಗೇ ಬಾಯಿಪಾಠವಾಗಲು ಒಂದು ವಾರ ಹಿಡಿಯಿತು. ಹೆಸರು ಮಾತ್ರ ಹೊಸದು, ಕೆಲಸ ಹಳೆಯದೇ.

ನಮ್ಮದು ಒಂಬತ್ತನೇ ಮಹಡಿ. ಕಿಟಕಿಗಳಿವೆ, ತೆರೆಯುವುದಿಲ್ಲ. ಗಿಡಗಳಿವೆ, ಪ್ಲಾಸ್ಟಿಕ್ಕಿನವು. ವಾರಕ್ಕೊಮ್ಮೆ ಒಬ್ಬಾಕೆ ಬಂದು ಎಲೆಗಳ ಧೂಳು ಒರೆಸಿ ಹೋಗುತ್ತಾಳೆ. ಇಡೀ ಮಹಡಿಯಲ್ಲಿ ತಾನು ಏನು ಮಾಡುತ್ತಿದ್ದೇನೆಂದು ಗೊತ್ತಿರುವವಳು ಅವಳೊಬ್ಬಳೇ ಎಂದು ನನಗನ್ನಿಸುತ್ತದೆ. ನಲವತ್ತು ಕಂಪನಿಗಳಿಗೆ ಬರುವ ಅರ್ಜಿಗಳನ್ನು ಆ ಕಂಪನಿಗಳ ಪರವಾಗಿ ನಮ್ಮ ಆಫೀಸು ನೋಡಿಕೊಳ್ಳುತ್ತದೆ. ಕೆಲಸ ಕೇಳಿದವರಿಗೆ ಹೋಗುವ ಕಾಗದಗಳನ್ನು ನಾನು ಬರೆಯುತ್ತೇನೆ. ಕಂಪನಿಯವರ ಹಾಳೆ, ಕಂಪನಿಯವರ ಸಹಿ, ಮಾತು ಮಾತ್ರ ನನ್ನದು. ಇಷ್ಟೇ ಕೆಲಸ.

ನೀನು ಸಂಜೆ ಮನೆಗೆ ಬಂದು ಚಪ್ಪಲಿ ಬಿಡುತ್ತಾ, "ಇವತ್ತು ಹನ್ನೊಂದು" ಅನ್ನುತ್ತಿದ್ದೆ. ಹನ್ನೊಂದು ತಕ್ಕಡಿ. ನನಗಾಗ ಅದು ಏನೂ ಅನ್ನಿಸುತ್ತಿರಲಿಲ್ಲ. ಈಗ ಹೊಟ್ಟೆಕಿಚ್ಚಾಗುತ್ತದೆ. ನಾನು ಸಂಜೆ ಆರಕ್ಕೆ ಕುರ್ಚಿಯಿಂದ ಎದ್ದಾಗ ಬೆಳಿಗ್ಗೆ ಇಲ್ಲದ ಒಂದೇ ಒಂದು ವಸ್ತು ಈ ಲೋಕಕ್ಕೆ ಹೊಸದಾಗಿ ಬಂದಿರುವುದಿಲ್ಲ. ಇಲ್ಲಿ ಎಲ್ಲರದೂ ಇದೇ ಗೋಳು. ಊಟದ ಹೊತ್ತಿನಲ್ಲಿ ಒಬ್ಬ ಜೇನು ಸಾಕುತ್ತೇನೆ ಅನ್ನುತ್ತಾನೆ, ಒಬ್ಬಳು ಮಡಕೆ ಮಾಡುವುದನ್ನು ಕಲಿಯುತ್ತಾಳಂತೆ. ಒಂದೂವರೆಗೆ ಎಲ್ಲರೂ ಕೈ ತೊಳೆದು ತಂತಮ್ಮ ಕುರ್ಚಿಗೆ ಮರಳುತ್ತೇವೆ. ಮೂರು ವರ್ಷದಿಂದ ಅದೇ ಜೇನು, ಅದೇ ಮಡಕೆ.

ನಿನ್ನ ಅರ್ಜಿಗಳಿಗೆ ನಾನು ಅಡ್ಡ ಬರುವುದಿಲ್ಲ. ಯಾರಾದರೂ ಕರೆದರೆ ತಿಳಿಸು.

ನಿನ್ನ ಮಗ

ಜುಲೈ 16

ಪುಟ್ಟ,

ಕರೆದರು. ಒಬ್ಬರಲ್ಲ, ಇಬ್ಬರು. ಈ ವಯಸ್ಸಿನಲ್ಲಿ ನಿನ್ನಮ್ಮನಿಗೆ ಬೇಡಿಕೆ ಬಂದಿದೆ ನೋಡು.

ಮೊದಲಿನದು ನಮ್ಮೂರಿನ ಮಕ್ಕಳ ಆಸ್ಪತ್ರೆ. ಕಾರ್ಖಾನೆಯಲ್ಲಿ ನನ್ನ ಜೊತೆಗಿದ್ದವಳ ತಮ್ಮ ಅಲ್ಲಿ ಉಗ್ರಾಣ ನೋಡಿಕೊಳ್ಳುತ್ತಾನೆ. ಕೂಸುಗಳನ್ನು ತೂಗುವ ತಕ್ಕಡಿ, ಔಷಧಿ ತೂಗುವ ತಕ್ಕಡಿ ಎಲ್ಲ ಸೇರಿ ಮೂವತ್ತೆಂಟು ಇವೆಯಂತೆ. ವಾರಕ್ಕೆ ಮೂರು ದಿನ ಬಂದು ಅವುಗಳನ್ನು ಸರಿಯಾಗಿಡಬೇಕು. ಆಗಸ್ಟ್ ಹತ್ತರೊಳಗೆ ಹೌದೋ ಅಲ್ಲವೋ ತಿಳಿಸಬೇಕು.

ಎರಡನೆಯದು ದೊಡ್ಡದು. ಅಳತೆ ಉಪಕರಣ ಮಾಡುವ ಒಂದು ಕಂಪನಿಗೆ ಅರ್ಜಿ ಹಾಕಿದ್ದೆ. ಹೊಸ ತಕ್ಕಡಿಗಳನ್ನು ಪರೀಕ್ಷಿಸುವ ವಿಭಾಗ, ವಾರವಿಡೀ ಕೆಲಸ, ಹತ್ತಾರು ಜನರ ಜೊತೆ. ಅಲ್ಲಿನ ಅಧಿಕಾರಿ, ಒಬ್ಬ ಹೆಣ್ಣುಮಗಳು, ತಾನೇ ಕಾಗದ ಬರೆದಿದ್ದಾಳೆ. ನೀಲಿ ಶಾಯಿಯ ಸಹಿ. ಕೇಳು: "ತಮ್ಮ ಅರ್ಜಿಯನ್ನು ಗಮನವಿಟ್ಟು ಓದಿದೆ. ತಮ್ಮಂಥ ಅನುಭವಿ ಕೈಗಳು ಇಂದು ಸುಲಭಕ್ಕೆ ಸಿಗುವುದಿಲ್ಲ. ಸದ್ಯಕ್ಕೆ ಸ್ಥಾನ ತೆರವಿಲ್ಲದಿದ್ದರೂ ತಮ್ಮ ಅರ್ಜಿಯನ್ನು ಕಡತದಲ್ಲಿ ಇರಿಸಿಕೊಂಡಿದ್ದೇವೆ. ತಕ್ಕ ಅವಕಾಶ ಬಂದೊಡನೆ ಮೊದಲು ತಮಗೇ ತಿಳಿಸುತ್ತೇವೆ."

ಮೊದಲು ತಮಗೇ, ಅಂತ ಬರೆದಿದ್ದಾಳೆ. ಇಪ್ಪತ್ತೇಳು ವರ್ಷದಲ್ಲಿ ನನ್ನ ಕೈಯ ವಿಷಯ ಯಾರೂ ಒಂದಕ್ಷರ ಬರೆದಿರಲಿಲ್ಲ. ಸೂಪರ್‌ವೈಸರ್ ಬಹಳ ಖುಷಿಯಾದ ದಿನ "ಹೂಂ" ಅನ್ನುತ್ತಿದ್ದ. ಚಿಕ್ಕಮ್ಮ, "ಆ ಕಾಗದ ಮಡಿಸಿ ಮಡಿಸಿ ಹರಿದುಹಾಕ್ತೀಯ ನೋಡು" ಎಂದು ಬೈಯುತ್ತಿದ್ದಾಳೆ.

ನೀನೂ ಇಂಥ ಕಾಗದವನ್ನೇ ಬರೆಯುವುದಾ? ಹಾಗಿದ್ದರೆ ನಿನ್ನ ಕೆಲಸದ ಬಗ್ಗೆ ನಾನು ಆಡಿದ್ದನ್ನೆಲ್ಲ ವಾಪಸು ತೆಗೆದುಕೊಳ್ಳುತ್ತೇನೆ. ಲೋಕಕ್ಕೆ ಹೊಸದೇನೂ ಬರಲಿಲ್ಲ ಅಂತ ಕೊರಗುತ್ತೀಯಲ್ಲ, ಈ ಕಾಗದ ಬಂದ ದಿನ ನಾನು ಎರಡು ಹೊತ್ತೂ ಹೊಟ್ಟೆ ತುಂಬ ಉಂಡೆ. ಅದೇನು ಕಡಿಮೆಯೇ?

ಈಗ ಹೇಳು. ಆಸ್ಪತ್ರೆಗೆ ಹೂಂ ಅಂದುಬಿಟ್ಟು, ಆಮೇಲೆ ಈಕೆ ಕರೆದಾಗ ಆಸ್ಪತ್ರೆಯವರ ಕೈ ಬಿಟ್ಟು ಹೋಗುವುದು ನನಗೆ ಸೇರುವುದಿಲ್ಲ. ಮಾತು ಕೊಟ್ಟ ಮೇಲೆ ಮುಗಿಯಿತು. ನೀನು ಈ ದಂಧೆಯಲ್ಲೇ ಇರುವವನು, ನಿನಗೆ ಒಳಗಿನದು ಗೊತ್ತು. ನೀನು ಹೇಳಿದ ಹಾಗೆ ಮಾಡುತ್ತೇನೆ.

ನಿನ್ನ ಅಮ್ಮ

ಜುಲೈ 29

ಅಮ್ಮ,

ನಿನ್ನ ಕಾಗದವನ್ನು ಎರಡು ಮೂರು ಸಲ ಓದಿದೆ. ಉತ್ತರ ಬರೆಯಲು ತಡವಾಯಿತು, ಈ ವಾರ ಆಫೀಸಿನಲ್ಲಿ ಕೆಲಸ ಜಾಸ್ತಿ.

ನಿನ್ನ ಅನುಭವಕ್ಕೆ ಬೆಲೆ ಸಿಕ್ಕಿದ್ದು ನನಗೂ ಸಂತೋಷ. ಅಂಥ ದೊಡ್ಡ ಕಂಪನಿಗಳಲ್ಲಿ ಎಲ್ಲವೂ ನಿಧಾನ. ಹಲವು ಹಂತಗಳಿರುತ್ತವೆ, ಹಲವರು ನೋಡಬೇಕಾಗುತ್ತದೆ. ಆದ್ದರಿಂದ ಸದ್ಯಕ್ಕೆ ಆಸ್ಪತ್ರೆಯ ಕೆಲಸ ಒಪ್ಪಿಕೊಂಡರೆ ಒಳ್ಳೆಯದೇನೋ ಎಂದು ನನಗನ್ನಿಸುತ್ತದೆ. ಮನೆಗೂ ಹತ್ತಿರ, ನಿನಗೂ ಆಯಾಸವಿಲ್ಲ. ಮುಂದಿನದನ್ನು ಮುಂದೆ ನೋಡಬಹುದು. ಏನೇ ಆದರೂ ನಿನ್ನ ತೀರ್ಮಾನವನ್ನು ನಾನು ಗೌರವಿಸುತ್ತೇನೆ.

ನನ್ನ ಕೆಲಸವನ್ನು ನೀನು ಅಷ್ಟು ಹೊಗಳಿದ್ದು ನನಗೆ ನೆನಪಿರುವ ಮಟ್ಟಿಗೆ ಇದೇ ಮೊದಲು.

ಚಿಕ್ಕಮ್ಮನನ್ನು ಕೇಳಿದೆನೆಂದು ಹೇಳು.

ನಿನ್ನ ಮಗ

ಆಗಸ್ಟ್ 13

ಪುಟ್ಟ,

ಆಸ್ಪತ್ರೆಗೆ ಆಗುವುದಿಲ್ಲ ಅಂದುಬಿಟ್ಟೆ.

ನಿನ್ನ ಕಾಗದ ಓದಿ ಚಿಕ್ಕಮ್ಮನಿಗೂ ನನಗೂ ಒಂದು ಸುತ್ತು ಜಗಳವಾಯಿತು. "ಹುಡುಗ ಆಸ್ಪತ್ರೆನೇ ಸರಿ ಅಂತಿದಾನೆ, ಕೇಳು" ಅಂದಳು. ನಾನು ಬೇರೆ ಥರ ತೂಗಿ ನೋಡಿದೆ. ನೀನು ಕೊಟ್ಟ ಕಾರಣ ಎರಡು, ಮನೆಗೆ ಹತ್ತಿರ, ಆಯಾಸವಿಲ್ಲ. ಅಂದರೆ ಅಮ್ಮನಿಗೆ ವಯಸ್ಸಾಯಿತು ಅನ್ನುವ ಕಾಳಜಿ. ಕಂಪನಿಯ ವಿಷಯಕ್ಕೆ ನೀನು ಹೇಳಿದ್ದು ನಿಧಾನ ಎಂದು ಮಾತ್ರ. ಸುಳ್ಳು ಎಂದಾಗಲೀ, ನಂಬಬೇಡ ಎಂದಾಗಲೀ ನೀನು ಬರೆದಿರಲಿಲ್ಲ. ನಿಧಾನವಾದರೆ ಕಾಯಬಹುದು. ಕಾಯುವುದರಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ.

ಹೇಳಿ ಬರಲು ನಾನೇ ಹೋದೆ. ಉಗ್ರಾಣದವನು ಕೂಸುಗಳ ವಾರ್ಡಿನಲ್ಲಿದ್ದ. ಅಲ್ಲಿ ನರ್ಸು ಒಂದು ಕೂಸನ್ನು ತಕ್ಕಡಿಯಲ್ಲಿ ಮಲಗಿಸಿ, ಅಂಕಿ ಬರೆದುಕೊಂಡು, ಎತ್ತಿಕೊಂಡಳು. ತಟ್ಟೆ ಖಾಲಿಯಾದ ಮೇಲೆ ಮುಳ್ಳು ಸೊನ್ನೆಗೆ ಮರಳುವಾಗ ಒಂದು ಚೂರು ತಡವರಿಸಿತು. ನೋಡಿದವಳಿಗೆ ಸುಮ್ಮನಿರಲಿಕ್ಕೆ ಆಗಲಿಲ್ಲ. "ತೂಕದ ಬಟ್ಟು ಇದ್ರೆ ಕೊಡಮ್ಮ" ಅಂದೆ. ಎರಡು ಕಿಲೋ ಇಟ್ಟರೆ ಅರವತ್ತು ಗ್ರಾಂ ಜಾಸ್ತಿ ತೋರಿಸಿತು. ಸ್ಪ್ರಿಂಗು ಸೋತಿತ್ತು. ಅಷ್ಟು ಪುಟ್ಟ ಜೀವಗಳಿಗೆ ತೂಕ ನೋಡಿಯೇ ಔಷಧಿ ಅಳೆಯುವುದು. ನರ್ಸಿನ ಕತ್ತರಿಯ ತುದಿಯಿಂದಲೇ ಅಡಿಯ ತಿರುಪು ಬಿಗಿಸಿ, ಮೂರು ಸಲ ತೂಗಿ, ಸರಿಮಾಡಿ ಕೊಟ್ಟೆ. ಕೈ ತೊಳೆದುಕೊಂಡು ಬಂದು, ಕೆಲಸಕ್ಕೆ ಬರಲಾರೆ ಅಂದೆ. ಅವರಿಬ್ಬರೂ ನನ್ನನ್ನು ಹುಚ್ಚಿಯನ್ನು ನೋಡಿದ ಹಾಗೆ ನೋಡಿದರು.

ದಾರಿಯುದ್ದಕ್ಕೂ ಸಂಕಟವಾಯಿತು, ಸುಳ್ಳೇಕೆ ಹೇಳಲಿ. ಉಳಿದ ಮೂವತ್ತೇಳು ಹೇಗಿವೆಯೋ ಅಂತ.

ಆ ಅಧಿಕಾರಿಗೆ ಇಲ್ಲಿಯವರೆಗೆ ಮೂರು ಕಾಗದ ಬರೆದಿದ್ದೇನೆ. ಆಸ್ಪತ್ರೆಯ ಕೆಲಸ ಬಿಟ್ಟದ್ದನ್ನೂ ತಿಳಿಸಿದ್ದೇನೆ, ಯಾವಾಗ ಕರೆದರೂ ಬರಬಹುದು ಎಂದು ಅವಳಿಗೆ ಗೊತ್ತಿರಲಿ. ಇನ್ನೂ ಉತ್ತರವಿಲ್ಲ. ನೀನು ಹೇಳಿದ ಹಾಗೆ ನಿಧಾನ.

ನಿನ್ನ ಅಮ್ಮ

ಆಗಸ್ಟ್ 30

ಅಮ್ಮ,

ಆ ಅಧಿಕಾರಿ ಇಲ್ಲ. ಅಂಥ ಹೆಂಗಸು ಎಲ್ಲಿಯೂ ಇಲ್ಲ. ಆ ಸಹಿಯನ್ನು ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ನಾನು ಹಾಕಿದೆ. ಹೆಣ್ಣಿನ ಹೆಸರಿದ್ದರೆ ಜನ ಜಗಳಕ್ಕೆ ಬರುವುದು ಕಡಿಮೆ ಎಂದು ಮ್ಯಾನೇಜರ್ ಹೇಳಿದ್ದರು. ನೀಲಿ ಬಣ್ಣ ಅಚ್ಚಿನ ಯಂತ್ರದ್ದು.

ನಿನಗೆ ಬಂದ ಕಾಗದ ನಾನು ಬರೆದದ್ದು. ನಿನಗೆಂದು ಬರೆದದ್ದಲ್ಲ. ನಮ್ಮಲ್ಲಿ ಅದಕ್ಕೆ ಮೂರನೇ ನಮೂನೆ ಎನ್ನುತ್ತಾರೆ. ನಲವತ್ತೈದು ದಾಟಿದವರ ಅರ್ಜಿ ಬಂದರೆ ಕಂಪ್ಯೂಟರು ಅದನ್ನು ಓದದೆ ಪಕ್ಕಕ್ಕಿಟ್ಟು ಈ ಕಾಗದ ಕಳಿಸುತ್ತದೆ. ಕಳೆದ ವರ್ಷ ಹನ್ನೊಂದು ಸಾವಿರ ಜನಕ್ಕೆ ಹೋಗಿದೆ. ಕಡತ ಎಂಬುದು ಇಲ್ಲ. ತೊಂಬತ್ತು ದಿನಕ್ಕೆ ಎಲ್ಲ ಅಳಿಸಿಹೋಗುತ್ತದೆ.

ಜುಲೈಯಲ್ಲಿ ನಿನ್ನ ಕಾಗದ ತೆರೆದಾಗಲೇ ಗೊತ್ತಾಯಿತು. ಆಗಸ್ಟ್ ಹತ್ತರ ತನಕ ಸಮಯವಿತ್ತು. ನಿನ್ನ ಕಾಗದದ ಕೊನೆಯಲ್ಲಿ ನನ್ನ ಕೆಲಸವನ್ನು ಮೆಚ್ಚಿಕೊಂಡಿದ್ದೆ ನೋಡು, ಅದನ್ನು ಕಳೆದುಕೊಳ್ಳಲು ಮನಸ್ಸು ಬರಲಿಲ್ಲ. ಹೇಳಿಯೂ ಹೇಳದ ಹಾಗೆ ಬರೆದೆ. ಅದರಲ್ಲಿ ನನಗೆ ಒಳ್ಳೆಯ ಅಭ್ಯಾಸವಿದೆ, ಅದಕ್ಕೇ ಸಂಬಳ ಕೊಡುತ್ತಾರೆ.

ಮೂರು ಕಾಗದ ಬರೆದಿದ್ದೇನೆ ಅಂದೆಯಲ್ಲ, ಅದನ್ನು ಓದಿದ ಮೇಲೆ ಕೆಳಗಿನ ಟಪಾಲು ಕೋಣೆಗೆ ಹೋದೆ, ಆ ಕಾಗದಗಳ ಮೇಲಿರುವ ವಿಳಾಸ ನಮ್ಮ ಆಫೀಸಿನದೇ. ಹೀಗೆ ಉತ್ತರ ಬರೆಯುವವರು ನೀನೊಬ್ಬಳೇ ಅಲ್ಲ. ನಾಲ್ಕು ಪ್ಲಾಸ್ಟಿಕ್ ಬುಟ್ಟಿ ತುಂಬ ಇವೆ, ಯಾವುದನ್ನೂ ಒಡೆದಿಲ್ಲ. ನಿನ್ನ ಕೈಬರಹ ಹುಡುಕಲು ಕಷ್ಟವಾಗಲಿಲ್ಲ. ಎರಡನೆಯದರಲ್ಲಿ ನೀನು ಅವಳಿಗೆ ಬರೆದಿದ್ದೀಯ: "ನನ್ನ ಮಗನೂ ತಮ್ಮಂತೆ ಕಾಗದ ಬರೆಯುವ ಕೆಲಸದಲ್ಲಿದ್ದಾನೆ. ಅವನಿಗೆ ಅದು ಬೇಸರವಂತೆ. ತಾವು ಬರೆದದ್ದನ್ನು ಅವನಿಗೆ ಕಳಿಸಿದ್ದೇನೆ. ಒಂದು ಕಾಗದದಿಂದ ಮನುಷ್ಯರಿಗೆ ಏನಾಗುತ್ತದೆ ಎಂದು ಅವನಿಗೆ ತಿಳಿಯಲಿ."

ಅಲ್ಲೇ ಬುಟ್ಟಿಗಳ ಮಧ್ಯೆ ಕೂತುಬಿಟ್ಟೆ. ಆಮೇಲೆ ಮೇಲೆ ಹೋಗಿ ಮ್ಯಾನೇಜರ್‌ಗೆ ಹೇಳಿದೆ, ಜನ ಇದನ್ನು ನಿಜ ಅಂದುಕೊಂಡು ಬೇರೆ ಕೆಲಸ ಬಿಡುತ್ತಿದ್ದಾರೆ, ಒಬ್ಬಾಕೆ ಮೂರು ಸಲ ಬರೆದಿದ್ದಾರೆ ಎಂದು. ಯಾರೆಂದು ಹೇಳಲಿಲ್ಲ. ಅವರು ಖುಷಿಯಾಗಿ, "ಮೂರು ಸಲನಾ? ಅಂದ್ರೆ ಕಾಗದ ಎಷ್ಟು ಚೆನ್ನಾಗಿ ಕೆಲಸ ಮಾಡ್ತಿದೆ ನೋಡಿ" ಅಂದರು. ವರದಿಯಲ್ಲಿ ಸೇರಿಸಿಕೊಂಡರು.

ಆಸ್ಪತ್ರೆಗೆ ಹೋಗಮ್ಮ. ಈ ಕಾಗದ ಮುಟ್ಟಿದ ದಿನವೇ ಹೋಗು.

ಕ್ಷಮಿಸು ಎಂದು ಬರೆಯಲು ನಾಚಿಕೆಯಾಗುತ್ತದೆ. ಆ ಪದವನ್ನು ಎಲ್ಲಾ ನಮೂನೆಗಳಲ್ಲೂ ಬಳಸಿ ಮುಗಿಸಿದ್ದೇನೆ.

ನಿನ್ನ ಮಗ

ಅಕ್ಟೋಬರ್ 9

ಅಮ್ಮ,

ಆರು ವಾರವಾಯಿತು. ಚಿಕ್ಕಮ್ಮನಿಗೆ ಫೋನ್ ಮಾಡಿದರೆ, "ಆರೋಗ್ಯವಾಗಿದಾಳೆ, ಇನ್ನೇನೂ ನನ್ನ ಕೇಳಬೇಡ" ಎಂದು ಇಟ್ಟುಬಿಟ್ಟಳು.

ಆಸ್ಪತ್ರೆಗೆ ನಾನೇ ಫೋನ್ ಮಾಡಿ ವಿಚಾರಿಸಿದೆ. ಆಗಸ್ಟ್ ಹದಿನೆಂಟಕ್ಕೇ ಒಂದು ಸಂಸ್ಥೆಗೆ ಗುತ್ತಿಗೆ ಕೊಟ್ಟುಬಿಟ್ಟರಂತೆ. ನನ್ನ ಕಾಗದ ನಿನ್ನ ಕೈಗೆ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು.

ನಾನು ಕೆಲಸ ಬಿಟ್ಟೆ. ಕೊನೆಯ ವಾರ ಹೊಸ ನಮೂನೆಯೊಂದನ್ನು ಬರೆದು ಕೊಟ್ಟೆ, ಎರಡೇ ಸಾಲು: ನಿಮಗೆ ಕೆಲಸ ಕೊಡುವುದಿಲ್ಲ, ನಮಗಾಗಿ ಕಾಯಬೇಡಿ. ಸಭೆ ಕರೆದು ಓದಿದರು. ಜೇನು ಸಾಕುತ್ತೇನೆ ಅನ್ನುವವನು ನಕ್ಕ. ಹಳೆಯದನ್ನೇ ಉಳಿಸಿಕೊಂಡರು. ನಾನು ಹೊರಟ ದಿನ ಮ್ಯಾನೇಜರ್ ಕೈ ಕುಲುಕಿ, "ನಿಮ್ಮ ಮೂರನೇ ನಮೂನೆ ಮಾತ್ರ ಯಾವತ್ತೂ ಇರುತ್ತೆ" ಅಂದರು.

ನಿನ್ನ ಮುಖ ನೋಡುವಂತಾಗಲಿ ಎಂದು ಬಿಟ್ಟೆ. ಕೈಯಿಂದ ಮಾಡುವ ಕೆಲಸವೇನಾದರೂ ಕಲಿಯೋಣ ಎಂದಿದ್ದೇನೆ. ಎರಡು ಸಾಲು ಬರೆಯಮ್ಮ. ಬೈದಾದರೂ ಬರೆ.

ನಿನ್ನ ಮಗ

ನವೆಂಬರ್ 20

ಪುಟ್ಟ,

ಬೈಯುವ ಆಸೆ ಮೊದಲ ವಾರವೇ ತೀರಿಹೋಯಿತು. ಆಮೇಲೆ ಬರೆಯಲು ಏನೂ ಉಳಿಯಲಿಲ್ಲ.

ನಿನ್ನ ಕಾಗದ ಬಂದ ದಿನವೇ ಆಸ್ಪತ್ರೆಗೆ ಹೋಗಿದ್ದೆ. ಉಗ್ರಾಣದವನು ಕೂರಿಸಿ ನೀರು ಕೊಟ್ಟ. ಬೈಯಲಿಲ್ಲ, ಬೈದಿದ್ದರೆ ವಾಸಿಯಾಗಿತ್ತು. ಗುತ್ತಿಗೆಯ ಸಂಸ್ಥೆಯಿಂದ ಒಬ್ಬ ಬಂದು ಹೋಗಿದ್ದನಂತೆ. ಮೂವತ್ತೆಂಟು ತಕ್ಕಡಿಗೂ "ಪರೀಕ್ಷಿಸಲಾಗಿದೆ" ಎಂದು ಚೀಟಿ ಅಂಟಿಸಲು ಅವನಿಗೆ ಅರ್ಧ ಗಂಟೆ ಸಾಕಾಯಿತಂತೆ. ಮೂವತ್ತೆಂಟನ್ನು ಪರೀಕ್ಷಿಸಲು ನನಗೆ ನಾಲ್ಕು ದಿನ ಬೇಕು. ಹೊರಗೆ ಬರುವಾಗ ವಾರ್ಡಿನ ಬಾಗಿಲಲ್ಲಿ ನಿಂತು ನೋಡಿದೆ. ಬೇರೆ ನರ್ಸು, ಬೇರೆ ಕೂಸು. ಒಳಗೆ ಹೋಗಿ ಬಟ್ಟು ಕೇಳುವ ಅಧಿಕಾರ ನನಗಿರಲಿಲ್ಲ. ಬಂದುಬಿಟ್ಟೆ. ಇದನ್ನು ನಿನಗೆ ಬರೆಯಬಾರದು ಅಂದುಕೊಂಡಿದ್ದೆ. ಆಮೇಲೆ, ನೀನೂ ತಿಳಿದಿರು ಅನ್ನಿಸಿತು.

ಈಗ ಒಂದು ದೊಡ್ಡ ಗೋದಾಮಿನಲ್ಲಿ ಡಬ್ಬಿಗಳಿಗೆ ಟೇಪು ಹಚ್ಚುತ್ತೇನೆ. ಮಣಿಕಟ್ಟಿಗೆ ಒಂದು ಯಂತ್ರ ಕಟ್ಟಿದ್ದಾರೆ, ಕೆಲಸ ನಿಲ್ಲಿಸಿದರೆ ಅದು ನಡುಗುತ್ತದೆ. ಕಿವಿ ಕೇಳದವರಿಗೂ ಅನುಕೂಲ ಎಂದು ಮೇಲ್ವಿಚಾರಕಿ ವಿವರಿಸಿದಳು. ಒಳಗೇನಿದೆ ಎಂದು ಗೊತ್ತಾಗುವುದಿಲ್ಲ. ಎಷ್ಟು ತೂಕ ಎಂದು ಮಾತ್ರ ಕೈಗೆ ಗೊತ್ತಾಗುತ್ತದೆ, ಅದನ್ನು ಅಲ್ಲಿ ಯಾರೂ ಕೇಳುವುದಿಲ್ಲ.

ನೀನು ಕೆಲಸ ಬಿಟ್ಟದ್ದು ನಿನ್ನ ಇಷ್ಟ. ನನಗೋಸ್ಕರ ಬಿಟ್ಟೆ ಎಂದು ಇನ್ನೊಮ್ಮೆ ಬರೆಯಬೇಡ. ಕಳೆದುಕೊಳ್ಳಲು ಕೆಲಸವಿದ್ದವನು ನೀನು, ಬಿಟ್ಟೆ. ನನ್ನದನ್ನು ನಾನು ಬಿಡಲಿಲ್ಲ, ನೀನು ಬಿಡಿಸಿದೆ. ಎರಡೂ ಒಂದೇ ತೂಕವಲ್ಲ.

ಕಂಪನಿಯ ಆ ಕಾಗದವನ್ನು ಇನ್ನೂ ಹರಿದಿಲ್ಲ. ಚಿಕ್ಕಮ್ಮ ಒಲೆಗೆ ಹಾಕು ಅನ್ನುತ್ತಾಳೆ. ಒಂದು ವಿಷಯ ತಿಳಿಯದೆ ಹಾಕಲು ನನ್ನಿಂದಾಗುತ್ತಿಲ್ಲ. ಕಡತ ಸುಳ್ಳು, ಹೆಂಗಸು ಸುಳ್ಳು, ಮೊದಲು ತಮಗೇ ಎಂಬುದೂ ಸುಳ್ಳು, ಎಲ್ಲ ಒಪ್ಪಿಕೊಂಡೆ. ಆದರೆ "ತಮ್ಮಂಥ ಅನುಭವಿ ಕೈಗಳು" ಎಂದಿದೆಯಲ್ಲ, ಅದು ಕಂಪ್ಯೂಟರಿಗೆ ಬರುವ ಮಾತಲ್ಲ. ಅದನ್ನು ನೀನು ಬರೆದೆ. ನಿನಗೆ ಊಟ ಬಡಿಸಿದ ಮೇಲೆ ನಾನು ಕೈಬೆರಳಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದೆ, ತಿರುಪು ತಿರುಗಿಸಿ ತಿರುಗಿಸಿ ಒಡೆದಿರುತ್ತಿದ್ದವು. ನೀನು ನೋಡುತ್ತಾ ಕೂತಿರುತ್ತಿದ್ದೆ. ಆ ಸಾಲು ಬರೆಯುವಾಗ ನಿನಗೆ ನನ್ನ ಕೈ ನೆನಪಾಗಿತ್ತೇ?

ಹೌದಾದರೆ ಕಾಗದ ಇಟ್ಟುಕೊಳ್ಳುತ್ತೇನೆ. ಇಷ್ಟು ವರ್ಷದ ದುಡಿಮೆಗೆ ಅದೊಂದಾದರೂ ಉಳಿಯಿತು ಅಂದುಕೊಳ್ಳುತ್ತೇನೆ. ಚೆನ್ನಾಗಿ ಬರೆಯಬೇಡ. ಇದ್ದದ್ದನ್ನು ಬರೆ.

ಅಮ್ಮ

ಡಿಸೆಂಬರ್ 3

ಅಮ್ಮ,

ಇಲ್ಲ.

ನಿನ್ನ ಕೈ ನೆನಪಾಗಲಿಲ್ಲ. ಯಾರ ಕೈಯೂ ನೆನಪಾಗಲಿಲ್ಲ. ಊಟಕ್ಕೆ ಏಳುವುದರೊಳಗೆ ಮುಗಿಸಬೇಕಿತ್ತು. ಮೊದಲು "ಅನುಭವಿ ಉದ್ಯೋಗಿಗಳು" ಎಂದು ಹಾಕಿದ್ದೆ. ಸಾಲು ಉದ್ದವಾಗಿ ಹಾಳೆಯ ಅಂಚು ದಾಟುತ್ತಿತ್ತು. ಅದಕ್ಕೆ ಕೈಗಳು ಎಂದು ಮಾಡಿದೆ.

ನಿನ್ನ ಮಗ